ಆಶಾ ಅಕ್ಕನ ನೋಟುಪುಸ್ತಕ

ಒಳದಾರಿಗೂ ಮಣ್ಣು ಬಿದ್ದಿದೆ ಎಂಬ ಸುದ್ದಿ ತಂದವನು ಡೈರಿಗೆ ಹಾಲು ಕೊಡಲು ಹೋಗಿದ್ದ ಹುಡುಗ. 2020ರ ಮಾರ್ಚ್ ತಿಂಗಳ ಕೊನೆಯ ವಾರ ಅದು. ಕರ್ನಾಟಕ ಗಡಿಯ ತಲಪಾಡಿಯಲ್ಲಿ ಹೆದ್ದಾರಿ ಅಷ್ಟರಲ್ಲೇ ಮುಚ್ಚಿತ್ತು. ಆದರೂ ಗುಡ್ಡದ ಹಿಂದಿನ ದಾರಿ ಉಂಟಲ್ಲ, ತೋಟದ ನಡುವಿನ ದಾರಿ ಉಂಟಲ್ಲ ಎಂಬ ಧೈರ್ಯ ನಮಗೆಲ್ಲ ಇತ್ತು. ಗಡಿಯ ಊರಿನವರಿಗೆ ಇಂಥ ದಾರಿಗಳು ಕಾಲಿಗೇ ಗೊತ್ತಿರುತ್ತವೆ. ಹುಡುಗ ಕ್ಯಾನ್ ಕೆಳಗಿಟ್ಟು, "ಜೆಸಿಬಿಯಲ್ಲಿ ತಂದು ಸುರಿದಿದ್ದಾರೆ ಟೀಚರೇ, ಆಳೆತ್ತರ ಉಂಟು. ಬೈಕೂ ದಾಟುದಿಲ್ಲ" ಎಂದ. ಕೊಂಡುಹೋದ ಹಾಲು ಹಾಗೇ ವಾಪಸು ಬಂದಿತ್ತು. ಆ ಹಾಲನ್ನು ಎಂತ ಮಾಡುವುದೆಂದು ಯಾರೂ ಕೇಳಲಿಲ್ಲ. ಅಂಗಳದಲ್ಲಿ ನಿಂತಿದ್ದವರೆಲ್ಲ ಒಬ್ಬೊಬ್ಬರ ಹೆಸರು ಹೇಳತೊಡಗಿದರು. ಡಯಾಲಿಸಿಸ್ ಆಗುವ ಮಾವ. ಕೀಮೋ ಅರ್ಧದಲ್ಲಿರುವ ಅಕ್ಕ. ದಿನ ತುಂಬಿದ ಬಸುರಿ.

ನಾನು ಅಂಗನವಾಡಿ ಟೀಚರ್. ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಗಡಿಯ ಒಂದು ಪಂಚಾಯತಿನಲ್ಲಿ, ಮಕ್ಕಳ ಮೂಗು ಒರೆಸುತ್ತ, ಅವಕ್ಕೆ ಹಾಡು ಕಲಿಸುತ್ತ ಆಯುಷ್ಯ ಕಳೆದವಳು. ಆ ಮಾರ್ಚಿನಲ್ಲಿ ನಮ್ಮ ವಾರ್ಡಿನ ಸಮಿತಿ ಹೇಗೆ ಕೆಲಸ ಮಾಡಿತು, ಎಲ್ಲಿ ಕೈಸೋತಿತು ಎಂಬುದನ್ನು ಹತ್ತಿರದಿಂದ ಕಂಡಿದ್ದೇನೆ. ಕೊರೋನಾ ಎಂದೊಡನೆ ಜನಕ್ಕೆ ಮಾಸ್ಕು, ಲಾಕ್‌ಡೌನು, ಟಿವಿಯಲ್ಲಿ ಸಂಜೆಯ ಲೆಕ್ಕ ನೆನಪಾಗುತ್ತದೆ. ನನಗೆ ನೆನಪಾಗುವುದು ಹಲಸಿನ ಮರದಡಿ ದೂರ ದೂರ ಹಾಕಿದ ಪ್ಲಾಸ್ಟಿಕ್ ಕುರ್ಚಿಗಳು.

ಮಂಗಳೂರು ನಮಗೆ ಎಂಥದ್ದೆಂದು ಮೊದಲು ಹೇಳಬೇಕು. ನಮ್ಮಲ್ಲಿ ಎಷ್ಟೋ ಜನ ಹುಟ್ಟಿದ್ದು ಲೇಡಿಗೋಶನ್ ಆಸ್ಪತ್ರೆಯಲ್ಲಿ. ಕೈಕಾಲು ಮುರಿದರೆ ವೆನ್ಲಾಕ್. ದೊಡ್ಡ ಕಾಯಿಲೆಯಾದರೆ ದೇರಳಕಟ್ಟೆಯ ದೊಡ್ಡ ಆಸ್ಪತ್ರೆಗಳು. ಮಂಜೇಶ್ವರದಿಂದ ಹೊರಟರೆ ಮುಕ್ಕಾಲು ಗಂಟೆಯೊಳಗೆ ದೊಡ್ಡ ಡಾಕ್ಟರ ಎದುರು ಕೂತಿರುತ್ತೇವೆ. ಇತ್ತ ದಕ್ಷಿಣಕ್ಕೆ ಹೋದರೆ ಹತ್ತಿರದ ಸರಕಾರಿ ಮೆಡಿಕಲ್ ಕಾಲೇಜು ಕಣ್ಣೂರಿನ ಪರಿಯಾರಂ. ನೂರು ಕಿಲೋಮೀಟರಿನ ಹತ್ತಿರ. ತಿರುವನಂತಪುರವೋ, ಆರುನೂರರ ಹತ್ತಿರ. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಿಂದ ಕಳಚಿ ಕೇರಳಕ್ಕೆ ಸೇರಿತು. ರೇಶನು, ಪಿಂಚಣಿ, ಕೋರ್ಟು ಎಲ್ಲ ಆ ಕಡೆ ತಿರುಗಿತು. ಕಾಯಿಲೆ ಮಾತ್ರ ತಿರುಗಲಿಲ್ಲ, ಅದು ಹಳೆಯ ದಾರಿಯಲ್ಲೇ ಮಂಗಳೂರಿಗೆ ಹೋಗುತ್ತಿತ್ತು. ಅರುವತ್ತು ವರ್ಷ ಯಾರಿಗೂ ಇದು ತಪ್ಪು ಎನಿಸಲಿಲ್ಲ. ದಾರಿ ಇತ್ತಲ್ಲ.

ಆ ವರ್ಷ ಫೆಬ್ರವರಿ 3ರಂದು ವುಹಾನಿನಿಂದ ಕಾಞಂಗಾಡಿಗೆ ಮರಳಿದ್ದ ವಿದ್ಯಾರ್ಥಿಗೆ ಸೋಂಕು ಇದೆಯೆಂದು ಗೊತ್ತಾಯಿತು. ಇಡೀ ದೇಶಕ್ಕೆ ಅದು ಮೂರನೆಯ ಪ್ರಕರಣ. ಗುಣವೂ ಆಯಿತು, ಎಲ್ಲರೂ ಮರೆತರು. ಮಾರ್ಚ್ ನಡುವಿಗೆ ಗಲ್ಫಿನಿಂದ ಬಂದವರಲ್ಲಿ ಒಬ್ಬೊಬ್ಬರಿಗೇ ಕಾಣಿಸಿಕೊಳ್ಳತೊಡಗಿದಾಗ ಕಾಸರಗೋಡಿನ ಹೆಸರು ದಿಲ್ಲಿಯ ಟಿವಿಯಲ್ಲಿ ಬಂತು. ಕೆಲವು ದಿನ ಕೇರಳದಲ್ಲೇ ಅತಿ ಹೆಚ್ಚು ಸೋಂಕಿತರು ನಮ್ಮ ಜಿಲ್ಲೆಯಲ್ಲಿದ್ದರು. ದೇಶಕ್ಕೆ ಲಾಕ್‌ಡೌನ್ ಬರುವ ಮೊದಲೇ ಜಿಲ್ಲೆಯನ್ನು ಮುಚ್ಚಿದರು. ಆಚೆ ಕರ್ನಾಟಕದವರು ಗಡಿ ಮುಚ್ಚಿದರು. ಅವರಿಗೂ ಹೆದರಿಕೆ ಇದ್ದಿತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹೆದರಿಕೆಯಲ್ಲಿ ಮಣ್ಣು ಸುರಿಯುವವರು ಆ ಮಣ್ಣಿನ ಈಚೆ ಹೃದಯದ ರೋಗಿಯೂ ಇರುತ್ತಾನೆಂದು ಒಂದು ಸಲ ಯೋಚಿಸಬೇಕಿತ್ತು. ಇದನ್ನು ಇವತ್ತಿಗೂ ಸಿಟ್ಟಿನಿಂದಲೇ ಹೇಳುತ್ತೇನೆ.

ಹಾಲಿನ ಹುಡುಗ ಬಂದ ದಿನ ಸಂಜೆ ನಮ್ಮ ವಾರ್ಡ್ ಮೆಂಬರ್ ಎಲ್ಲರಿಗೂ ಫೋನು ಮಾಡಿದರು. ಅಂಗನವಾಡಿಗಳಿಗೆ ಅದಾಗಲೇ ರಜೆ ಕೊಟ್ಟಾಗಿತ್ತು. ಮಕ್ಕಳ ಪಾಲಿನ ಆಹಾರವನ್ನು ಮನೆಮನೆಗೆ ಮುಟ್ಟಿಸುವ ಕೆಲಸ ನಮ್ಮದಾಗಿತ್ತು. ಹಾಗಾಗಿ ಕುರ್ಚಿ ಹಾಕಲು ಜಾಗ ಖಾಲಿ. ಮೆಂಬರ್, ಕಿರಿಯ ಆರೋಗ್ಯ ಇನ್ಸ್‌ಪೆಕ್ಟರ್, ಸಬ್‌ಸೆಂಟರಿನ ಸಿಸ್ಟರ್, ಆಶಾ ಕಾರ್ಯಕರ್ತೆ, ಹೆಂಗಸರ ಸ್ವಸಹಾಯ ಸಂಘ ಕುಟುಂಬಶ್ರೀಯ ಇಬ್ಬರು, ಶಾಲೆಯ ಮಾಸ್ಟ್ರು, ಕ್ಲಬ್ಬಿನ ಹುಡುಗರು, ನಾನು. ಅದಕ್ಕೆ ಆಗ ಜಾಗ್ರತಾ ಸಮಿತಿ ಎಂದು ಹೆಸರು. ಹೆಸರು ಹೊಸತು, ಜನ ಹಳಬರೇ. ನಮ್ಮ ವಾರ್ಡಿನ ಆರೋಗ್ಯ ಶುಚಿತ್ವ ಸಮಿತಿಯಲ್ಲಿ ವರ್ಷಗಳಿಂದ ಕೂರುತ್ತಿದ್ದವರು ನಾವೇ.

ಈ ಸಮಿತಿಯ ಬಗ್ಗೆ ಊರಿನಲ್ಲಿ ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ. ಕೇರಳದಲ್ಲಿ 1994ರ ಪಂಚಾಯತ್ ರಾಜ್ ಕಾಯಿದೆಯ ನಂತರ ಪ್ರಾಥಮಿಕ ಆರೋಗ್ಯ ಕೇಂದ್ರ, ಸಬ್‌ಸೆಂಟರುಗಳನ್ನು ಗ್ರಾಮ ಪಂಚಾಯತಿನ ಕೈಗೆ ಕೊಟ್ಟರು. ಡಾಕ್ಟರಿಗೆ ಸಂಬಳ ಕೊಡುವುದು ಸರಕಾರ. ಕಟ್ಟಡ ರಿಪೇರಿ, ಹೆಚ್ಚಿನ ಮದ್ದು, ಸಂಜೆ ಓಪಿಗೆ ಇನ್ನೊಬ್ಬ ಡಾಕ್ಟರು, ಮಲಗಿದಲ್ಲೇ ಇರುವವರ ಮನೆಗೆ ಹೋಗುವ ಪಾಲಿಯೇಟಿವ್ ನರ್ಸು, ಅವರ ಜೀಪು, ಇದೆಲ್ಲ ಪಂಚಾಯತಿನ ಯೋಜನೆಯಲ್ಲಿ ಬರುತ್ತದೆ. ಆಸ್ಪತ್ರೆಯ ನಿರ್ವಹಣಾ ಸಮಿತಿಗೆ ಪಂಚಾಯತ್ ಅಧ್ಯಕ್ಷರೇ ಅಧ್ಯಕ್ಷರು. ಪಂಚಾಯತಿನಲ್ಲಿ ಆರೋಗ್ಯ ಮತ್ತು ಶಿಕ್ಷಣಕ್ಕೆಂದೇ ಒಂದು ಸ್ಥಾಯಿ ಸಮಿತಿ ಉಂಟು. ಅದರ ಕೆಳಗೆ, ಎಲ್ಲಕ್ಕಿಂತ ಕೆಳಗೆ, ವಾರ್ಡಿನ ಸಮಿತಿ. ರಾಷ್ಟ್ರೀಯ ಆರೋಗ್ಯ ಮಿಷನ್ನಿನಿಂದ ವರ್ಷಕ್ಕೆ 10,000 ರೂಪಾಯಿ ಬರುತ್ತದೆ, ಶುಚಿತ್ವ ಮಿಷನ್ನು, ಪಂಚಾಯತು ಒಂದಿಷ್ಟು ಸೇರಿಸುತ್ತವೆ. ಆ ದುಡ್ಡಿನಲ್ಲಿ ಮಳೆಗಾಲದ ಮೊದಲು ಬಾವಿಗಳಿಗೆ ಬ್ಲೀಚಿಂಗ್ ಪೌಡರ್ ಹಾಕುವುದು, ಚರಂಡಿ ಬಿಡಿಸುವುದು, ನೋಟೀಸು ಅಚ್ಚು ಹಾಕಿಸುವುದು.

ಅಡಿಕೆ ತೋಟದ ಹಾಳೆ ಹೆಕ್ಕುವ ಕೆಲಸವನ್ನು ಇಲ್ಲಿ ಹೇಳಲೇಬೇಕು. ಬಿದ್ದ ಹಾಳೆಯಲ್ಲಿ ಒಂದು ಲೋಟ ನೀರು ನಿಂತರೂ ಸಾಕು, ಡೆಂಗಿಯ ಸೊಳ್ಳೆ ಮೊಟ್ಟೆ ಇಡುತ್ತದೆ. ರಬ್ಬರ್ ಚಿಪ್ಪಿನಲ್ಲೂ ಹಾಗೇ. ಮೇ ಕೊನೆಯಲ್ಲಿ ಇನ್ಸ್‌ಪೆಕ್ಟರು ತೋಟ ತೋಟ ತಿರುಗಿ ಯಜಮಾನರುಗಳ ಹತ್ತಿರ ಬೈಸಿಕೊಂಡು ಹಾಳೆ ಕವುಚಿ ಹಾಕಿಸುತ್ತಿದ್ದರು. ಉದ್ಯೋಗ ಖಾತರಿಯಲ್ಲಿ ಕೆಸರಿಗೆ ಇಳಿಯುವ ಹೆಂಗಸರಿಗೆ ಇಲಿಜ್ವರ ಬಾರದಂತೆ ಸಿಸ್ಟರ್ ನಿಂತು ಮಾತ್ರೆ ನುಂಗಿಸುತ್ತಿದ್ದರು. ಮನೆ ಕಟ್ಟಿದವ ಎಂಜಿನಿಯರನ್ನು ನೆನಪಿಡುತ್ತಾನೆ. ಬಾರದ ಜ್ವರಕ್ಕೆ ಕಾರಣರಾದವರನ್ನು ಯಾರು ನೆನಪಿಡುತ್ತಾರೆ? ಸಮಿತಿಯ ಮೀಟಿಂಗಿಗೆ ಬಂದು ಸಹಿ ಹಾಕಿ ಚಾ ಕುಡಿದು ಎದ್ದು ಹೋಗುವವರೇ ಜಾಸ್ತಿ ಇದ್ದರು.

ಆ ಸಂಜೆ ಯಾರೂ ಏಳಲಿಲ್ಲ. ಮೆಂಬರ್ ಮೊದಲು ಕೇಳಿದ್ದು, "ನಮ್ಮ ವಾರ್ಡಿನಲ್ಲಿ ಮಂಗಳೂರಿಗೆ ಹೋಗದಿದ್ದರೆ ಆಗದವರು ಯಾರ್ಯಾರು?" ಎಂದು. ಎಲ್ಲರೂ ಒಟ್ಟಿಗೆ ಮಾತಾಡಿದರು. ಒಬ್ಬರು ಹೇಳಿದ ಹೆಸರು ಇನ್ನೊಬ್ಬರಿಗೆ ಗೊತ್ತಿಲ್ಲ. ಆಗ ಆಶಾ ಅಕ್ಕ ತನ್ನ ಚೀಲದಿಂದ ನೋಟುಪುಸ್ತಕ ತೆಗೆದಳು.

ಉದ್ದದ, ರಟ್ಟು ಕಿತ್ತುಹೋದ ಪುಸ್ತಕ. ಅಂಚಿಗೆ ಸೆಲ್ಲೋಟೇಪು. ಒಂದೊಂದು ಪುಟಕ್ಕೆ ಒಂದೊಂದು ಮನೆ, ಪಂಚಾಯತಿನ ಮನೆ ನಂಬರಿನ ಕ್ರಮದಲ್ಲಿ. ಮನೆಯಲ್ಲಿ ಎಷ್ಟು ಜನ, ಬಸುರಿ ಇದ್ದರೆ ದಿನದ ಲೆಕ್ಕ, ಐದು ವರ್ಷದೊಳಗಿನ ಮಕ್ಕಳ ಚುಚ್ಚುಮದ್ದು, ಬಿಪಿ, ಸಕ್ಕರೆ, ಕ್ಷಯ, ಕಿಡ್ನಿ, ಕ್ಯಾನ್ಸರ್, ಹಾಸಿಗೆ ಹಿಡಿದವರು. ಯಾವ ಮದ್ದು, ಅದನ್ನು ಎಲ್ಲಿಂದ ತರುತ್ತಾರೆ. ಗಲ್ಫಿನಲ್ಲಿರುವ ಮಗನ ಫೋನ್ ನಂಬರ್ ಕೂಡ, ಯಾಕೆಂದರೆ ಮುದುಕರು ಒಬ್ಬರೇ ಇರುವ ಮನೆಯಲ್ಲಿ ಏನಾದರೂ ಆದರೆ ಯಾರಿಗೆ ಹೇಳುವುದು? ಅರ್ಧ ಕನ್ನಡದಲ್ಲಿ, ಅರ್ಧ ಮಲಯಾಳದಲ್ಲಿ ಬರೆದದ್ದು. ಇಲಾಖೆಯ ರಿಜಿಸ್ಟರು ಬೇರೆ ಉಂಟು, ಅದರಲ್ಲಿ ಕೇಳಿದ ಕಾಲಮ್ಮುಗಳು ಮಾತ್ರ. ಈ ಪುಸ್ತಕವನ್ನು ಅಕ್ಕ ತನಗೆ ಬೇಕೆಂದು ಮಾಡಿಕೊಂಡದ್ದು.

ಕತ್ತಲಾಗುವಷ್ಟರಲ್ಲಿ ಪಟ್ಟಿ ಸಿದ್ಧವಾಯಿತು. ಯಾರಿಗೆ ವಾರದೊಳಗೆ ಮದ್ದು ಮುಗಿಯುತ್ತದೆ, ಯಾರಿಗೆ ತಿಂಗಳು ತಡೆಯುತ್ತದೆ, ಯಾರನ್ನು ಆಸ್ಪತ್ರೆಗೆ ಸಾಗಿಸಲೇಬೇಕು ಎಂದು ಮೂರು ಪಾಲು ಮಾಡಿ, ಸಿಸ್ಟರ್ ಮೊಬೈಲಿನಲ್ಲಿ ಫೋಟೋ ಹಿಡಿದು ಆರೋಗ್ಯ ಕೇಂದ್ರದ ಡಾಕ್ಟರಿಗೆ ಕಳಿಸಿದರು. ಬೇರೆ ವಾರ್ಡುಗಳಿಂದಲೂ ಪಟ್ಟಿಗಳು ಹೋದವು. ಮಾರನೆಯ ದಿನ ಅವೆಲ್ಲ ಪಂಚಾಯತಿನಲ್ಲಿ ಒಂದಾದವು. ಈ ಕೆಲಸ ಮೇಲಿನಿಂದ ಆರ್ಡರು ಬಂದು ಆದದ್ದು ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಆರ್ಡರು ಬಂದಿತ್ತು, ಹೌದು. ಆದರೆ ಆರ್ಡರು ಬಂದ ಮೇಲೆ ಮನೆ ಮನೆ ಹೋಗಿ ಕೇಳಲು ಶುರುಮಾಡಿದ್ದರೆ ವಾರ ಹಿಡಿಯುತ್ತಿತ್ತು. ಡಯಾಲಿಸಿಸಿನವರಿಗೆ ವಾರ ಎಲ್ಲಿದೆ?

ಮದ್ದಿನ ಕೆಲಸ ನಾನು ಎಣಿಸಿದ್ದಕ್ಕಿಂತ ಚೆನ್ನಾಗಿ ನಡೆಯಿತು. ಬಿಪಿ, ಸಕ್ಕರೆಯ ಮಾತ್ರೆಗಳು ಆರೋಗ್ಯ ಕೇಂದ್ರದಲ್ಲೇ ಇದ್ದವು. ಜನ ಅಷ್ಟು ವರ್ಷ ಮಂಗಳೂರಿನ ಕಂಪೆನಿ ಮಾತ್ರೆಯೇ ಒಳ್ಳೆಯದೆಂದು ನಂಬಿ ದುಡ್ಡು ಸುರಿಯುತ್ತಿದ್ದರು. ಡಾಕ್ಟರು ಒಬ್ಬೊಬ್ಬರಿಗೂ ಫೋನಿನಲ್ಲಿ, "ಇದೂ ಅದೇ ಮದ್ದು ಅಜ್ಜಾ, ಹೆದರಬೇಡಿ" ಎಂದು ಹೇಳಿ ಒಪ್ಪಿಸಿದರು. ಕಿಡ್ನಿ ಕಸಿ ಮಾಡಿಸಿಕೊಂಡವರ ಮದ್ದು, ಕ್ಯಾನ್ಸರಿನ ಮದ್ದು, ಅಪಸ್ಮಾರದ ಕೆಲವು ಮದ್ದು ಇಲ್ಲಿ ಸಿಕ್ಕುವಂಥದ್ದಲ್ಲ. ಅವಕ್ಕೆ ಚೀಟಿ ಬೇಕು, ಅಂಗಡಿ ಬೇಕು, ತರುವ ಗಾಡಿ ಬೇಕು. ಆ ದಿನಗಳಲ್ಲಿ ಕೇರಳದ ಅಗ್ನಿಶಾಮಕ ದಳದವರೂ ಹೆದ್ದಾರಿ ಪೊಲೀಸರೂ ಒಂದು ಜಿಲ್ಲೆಯ ಗಾಡಿಯಿಂದ ಇನ್ನೊಂದು ಜಿಲ್ಲೆಯ ಗಾಡಿಗೆ ಕೈ ಬದಲಿಸುತ್ತ ಮದ್ದು ತಂದುಕೊಟ್ಟರು. ಬೆಂಕಿ ಆರಿಸುವ ಕೆಂಪು ಗಾಡಿ ನಮ್ಮ ಓಣಿಯ ಬಾಯಿಗೆ ಬಂದು ನಿಂತಾಗ ಮಕ್ಕಳು ಬೇಲಿಯ ಸಂದಿನಲ್ಲಿ ನಿಂತು ನೋಡಿದವು. ಒಂದು ಸಣ್ಣ ಕಾಗದದ ಪೊಟ್ಟಣವನ್ನು ಆಶಾ ಅಕ್ಕ ಸಹಿ ಹಾಕಿ ತೆಗೆದುಕೊಂಡು, ಗುಡ್ಡ ಹತ್ತಿ, ಕಸಿ ಮಾಡಿಸಿಕೊಂಡಿದ್ದ ಆ ತಾಯಿಯ ಜಗಲಿಯ ಮೇಲಿಟ್ಟು ದೂರ ನಿಂತಳು.

ಡಯಾಲಿಸಿಸಿನ ಮಾವನಿಗೆ ಜಿಲ್ಲೆಯೊಳಗೇ, ದೂರದಲ್ಲಿ, ಒಂದು ಕಡೆ ಜಾಗ ಸಿಕ್ಕಿತು. ಪಂಚಾಯತಿನ ಪಾಲಿಯೇಟಿವ್ ಜೀಪು ಬೆಳಕು ಹರಿಯುವ ಮೊದಲು ಅವರನ್ನು ಕರೆದೊಯ್ಯುತ್ತಿತ್ತು. ಮೊದಲು ಬಸ್ಸಿನಲ್ಲಿ ಹೋಗಿ ಮಧ್ಯಾಹ್ನ ಊಟಕ್ಕೆ ಬಂದುಬಿಡುತ್ತಿದ್ದವರು, ಈಗ ಜೀಪಿನಲ್ಲಿ ಹೋದರೂ ಮನೆ ಸೇರುವಾಗ ದೀಪ ಹಚ್ಚುವ ಹೊತ್ತು. ಬಹಳ ಸೋತಿರುತ್ತಿದ್ದರು. "ಮಿಷನ್ನಿಗಿಂತ ಈ ದಾರಿಯೇ ನನ್ನನ್ನು ಹಿಂಡ್ತದೆ ಟೀಚರೇ" ಎಂದು ಒಂದು ದಿನ ಹೇಳಿದರು. ದಿನ ತುಂಬಿದ ಹುಡುಗಿಗೆ ಹೆರಿಗೆ ಜಿಲ್ಲೆಯೊಳಗೇ ಆಯಿತು, ಸುಖವಾಗಿ.

ಇನ್ನೊಂದು ಕೆಲಸ ಗಲ್ಫಿನಿಂದ ಬಂದವರದ್ದು. ನಮ್ಮ ವಾರ್ಡಿಗೂ ದುಬೈಯಿಂದ ಬಂದ ಹುಡುಗರಿದ್ದರು. ಕೇರಳದಲ್ಲಿ ಆಗ ಇಪ್ಪತ್ತೆಂಟು ದಿನ ಮನೆಯೊಳಗೆ ಇರಬೇಕೆಂಬ ನಿಯಮ. ಅವರಲ್ಲಿ ಒಬ್ಬನ ಮನೆಗೆ ಬಾವಿ ಇಲ್ಲ, ನೆರೆಮನೆಯ ಬಾವಿಯಿಂದ ನೀರು ಸೇದುತ್ತಿದ್ದದ್ದು. ನೆರೆಯವರು ಹಗ್ಗ ತೆಗೆದಿಟ್ಟರು. ಅವನ ಅಜ್ಜಿ ಕೊಡ ಹಿಡಿದು ನಿಂತಿದ್ದಾರೆಂದು ಸುದ್ದಿ ಬಂದಾಗ ಇನ್ಸ್‌ಪೆಕ್ಟರು ಬೈಕಿನಲ್ಲಿ ಹಾರಿಬಂದರು. ಜೋರು ಮಾಡುತ್ತಾರೆಂದು ನಾವು ಎಣಿಸಿದ್ದೆವು. ಅವರು ನೆರೆಮನೆಯ ಜಗಲಿಯಲ್ಲಿ ಆ ಮನೆಯ ಹಿರಿಯರ ಎದುರು ನಿಂತು, "ಬ್ಯಾರಿಗಳೇ, ಹಗ್ಗ ನೀವು ಮುಟ್ಟುವುದು ಬೇಡ, ಅವರು ಮುಟ್ಟುವುದೂ ಬೇಡ. ನೀರು ಸೇದಿ ಕೊಡುವ ಕೆಲಸ ನನ್ನದು, ನಾನು ಬಾರದ ದಿನ ಈ ಹುಡುಗರದ್ದು" ಎಂದು ಕ್ಲಬ್ಬಿನವರನ್ನು ತೋರಿಸಿದರು. ಹಾಗೆ ಹೇಳಿ ತಾನೇ ನಾಲ್ಕು ಕೊಡ ಸೇದಿ ಇಟ್ಟರು. ಮೂರನೇ ದಿನಕ್ಕೆ ಹಗ್ಗ ತೆಗೆದಿಟ್ಟ ಮನೆಯ ಹೆಂಗಸೇ ಬೆಳಗ್ಗೆ ಎದ್ದು ನೀರು ತುಂಬಿ ಬೇಲಿಯ ಹತ್ತಿರ ಇಡತೊಡಗಿದರು. ಸಾಂಕ್ರಾಮಿಕ ರೋಗದ ಕಾನೂನು ಇನ್ಸ್‌ಪೆಕ್ಟರ ಕಿಸೆಯಲ್ಲಿತ್ತು, ಅವರು ತೆಗೆಯಲಿಲ್ಲ. ಕೆಳಗಿನ ಮಟ್ಟದ ಅಧಿಕಾರ ಹೇಗಿರಬೇಕೆಂದು ಯಾರಾದರೂ ಕೇಳಿದರೆ ನಾನು ಆ ನಾಲ್ಕು ಕೊಡ ನೀರಿನ ಕತೆ ಹೇಳುತ್ತೇನೆ.

ಕುಟುಂಬಶ್ರೀಯವರ ಸಮುದಾಯ ಅಡುಗೆಮನೆ, ಅಲ್ಲಿಂದ ಪೊಟ್ಟಣ ಕಟ್ಟಿ ಕ್ವಾರಂಟೈನಿನ ಮನೆಗಳಿಗೂ ಕಲ್ಲುಕೋರೆಯ ಹೊರರಾಜ್ಯದ ಕಾರ್ಮಿಕರಿಗೂ ಊಟ ಮುಟ್ಟಿಸಿದ್ದು, ಮಾಸ್ಟ್ರು ಮಲಯಾಳದ ಸೂಚನೆಗಳನ್ನೆಲ್ಲ ಕನ್ನಡದಲ್ಲಿ ಬರೆದು ವಾಟ್ಸಾಪಿನಲ್ಲಿ ಹಾಕಿದ್ದು, ಇವೆಲ್ಲ ಬೇರೆ ಬೇರೆ ಕತೆಗಳು. ನಾನು ಮಾಡಿದ್ದು ಮಕ್ಕಳಿಗೆ ಅಮೃತಂ ಪುಡಿ ಹಂಚಿದ್ದು. ಗೋಧಿ, ಕಡಲೆ, ನೆಲಗಡಲೆ, ಸೋಯಾ, ಸಕ್ಕರೆ ಸೇರಿಸಿ ಕುಟುಂಬಶ್ರೀ ಹೆಂಗಸರು ಮಾಡುವ ಪುಡಿ ಅದು. ಅದರ ಹದವನ್ನು ರೂಪಿಸಿದ್ದು ನಮ್ಮ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯಲ್ಲಿ. ಇಡೀ ಕೇರಳದ ಮಕ್ಕಳು ತಿನ್ನುತ್ತವೆ. ಕೆಲಸ ನಿಂತ ಮನೆಗಳಲ್ಲಿ ಆ ತಿಂಗಳು ದೊಡ್ಡವರೂ ಅದನ್ನೇ ಕಲಸಿ ಕುಡಿದದ್ದುಂಟು. ಕಂಡೂ ಕಾಣದ ಹಾಗೆ ಇನ್ನೊಂದು ಪ್ಯಾಕೆಟು ಇಟ್ಟು ಬಂದೆವು.

ಇನ್ನು ನಾವು ಕೈಸೋತ ಆ ರಾತ್ರಿ.

ಗುಡ್ಡದ ಬುಡದ ಮನೆಯ ದೊಡ್ಡಮ್ಮ. ಅವರ ಹೆಸರು ಹೇಳುವುದಿಲ್ಲ, ಮಕ್ಕಳು ಊರಲ್ಲೇ ಇದ್ದಾರೆ. ನನ್ನ ಅಂಗನವಾಡಿಗೆ ವರ್ಷಕ್ಕೊಮ್ಮೆ ಹಲಸಿನ ಹಪ್ಪಳ ತಂದು ಕೊಡುತ್ತಿದ್ದವರು. ನೋಟುಪುಸ್ತಕದಲ್ಲಿ ಅವರ ಪುಟ ಇತ್ತು. ಬಿಪಿ ಉಂಟು, ಹಿಂದೆ ಒಮ್ಮೆ ಎದೆನೋವು ಬಂದು ಮಂಗಳೂರಿನಲ್ಲಿ ಮಲಗಿದ್ದರು, ಮದ್ದು ಇಂತಿಂಥದ್ದು. ಮದ್ದು ಮುಗಿಯುವ ಮೊದಲೇ ಸಿಸ್ಟರ್ ತಂದು ಕೊಟ್ಟಿದ್ದರು. ಏಪ್ರಿಲ್ ಮೊದಲ ವಾರದ ಒಂದು ರಾತ್ರಿ ಎದೆ ಹಿಡಿದುಕೊಂಡರು. ಮಗ ಆಶಾ ಅಕ್ಕನಿಗೆ ಫೋನು ಮಾಡಿದ, ಅಕ್ಕ ಸಿಸ್ಟರಿಗೆ, ಸಿಸ್ಟರ್ ಡಾಕ್ಟರಿಗೆ. ಡಾಕ್ಟರು ಹೇಳಿದ ಮಾತ್ರೆಯನ್ನು ಅಗಿಯಲು ಕೊಟ್ಟರು. ಆಂಬುಲೆನ್ಸು ಬೇಗನೇ ಬಂತು. ಇಲ್ಲಿಯವರೆಗೆ ಎಲ್ಲವೂ ಸರಿಯಾಗಿಯೇ ನಡೆಯಿತು. ಎಲ್ಲರೂ ಎಚ್ಚರವಿದ್ದರು, ಯಾರೂ ತಡಮಾಡಲಿಲ್ಲ.

ರಸ್ತೆಗೆ ಬಂದ ಮೇಲೆ ಡ್ರೈವರ್ ಕೇಳಿದ, "ಯಾವ ಕಡೆಗೆ?"

ಎಡಕ್ಕೆ ತಿರುಗಿದರೆ ಅರ್ಧ ಗಂಟೆಯಲ್ಲಿ ಅವರನ್ನು ಮೊದಲು ಉಳಿಸಿದ್ದ ಆಸ್ಪತ್ರೆ. ಗಡಿಯಲ್ಲಿ ಬಿಡುತ್ತಾರೋ ಇಲ್ಲವೋ, ಅಲ್ಲಿ ನಿಂತು ಕೇಳಿಕೊಳ್ಳುತ್ತ ಹೊತ್ತು ಕಳೆದರೆ ಏನು ಮಾಡುವುದು? ಆ ವಾರ ಗಡಿಯಲ್ಲಿ ತಿರುಗಿ ಬಂದವರ ಸುದ್ದಿ ದಿನವೂ ಪೇಪರಿನಲ್ಲಿ ಬರುತ್ತಿತ್ತು. ಮಗ ಬಲಕ್ಕೆ ಎಂದ. ದಕ್ಷಿಣಕ್ಕೆ ಹೊರಟರು. ಕುಂಬಳೆ ದಾಟುವ ಮೊದಲೇ ದೊಡ್ಡಮ್ಮ ಹೋಗಿಬಿಟ್ಟರು.

ಎಡಕ್ಕೆ ತಿರುಗಿದ್ದರೆ ಉಳಿಯುತ್ತಿದ್ದರೋ ಏನೋ, ಡಾಕ್ಟರಿಗೂ ಹೇಳಲಾಗಲಿಲ್ಲ. ಮಗ ಆ ಪ್ರಶ್ನೆಯನ್ನು ಹೊತ್ತುಕೊಂಡೇ ಇದ್ದಾನೆ. ಗಡಿ ಮುಚ್ಚಿದ್ದ ಆ ದಿನಗಳಲ್ಲಿ ಸಮಯಕ್ಕೆ ಚಿಕಿತ್ಸೆ ಸಿಕ್ಕದೆ ಜಿಲ್ಲೆಯ ಉತ್ತರ ಭಾಗದಲ್ಲಿ ಹತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡರೆಂದು ಪತ್ರಿಕೆಗಳು ಬರೆದವು. ಏಪ್ರಿಲ್ 1ರಂದು ಕೇರಳ ಹೈಕೋರ್ಟು, ತುರ್ತು ಚಿಕಿತ್ಸೆಗೆ ಹೋಗುವವರಿಗೆ ದಾರಿ ಬಿಡಿಸಬೇಕೆಂದು ಕೇಂದ್ರ ಸರಕಾರಕ್ಕೆ ಹೇಳಿತು. ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು. 7ನೇ ತಾರೀಕು, ಎರಡೂ ರಾಜ್ಯದವರು ಒಪ್ಪಿಕೊಂಡಿದ್ದಾರೆ, ಕೊರೋನಾ ಇಲ್ಲದ ತುರ್ತು ರೋಗಿಗಳನ್ನು ತಲಪಾಡಿಯಲ್ಲಿ ತಪಾಸಣೆ ಮಾಡಿ ಬಿಡುವುದು ಎಂದು ಅಲ್ಲಿ ಕೇಸು ಮುಗಿಯಿತು. ಬೇಕಾದ ಕಾಗದಗಳ ಪಟ್ಟಿ ಉದ್ದವಿತ್ತು. ಎದೆನೋವು ಬಂದವರಿಗೆ ಕಾಗದ ಮಾಡಿಸಲು ಹೊತ್ತಿರುವುದಿಲ್ಲ.

ಮಾರನೆಯ ದಿನ ಸಮಿತಿ ಕೂತಾಗ ಯಾರೂ ಮಾತಾಡಲಿಲ್ಲ. ಆಶಾ ಅಕ್ಕ ಆ ಪುಟ ತೆಗೆದು ತಾರೀಕು ಬರೆದು ಮುಚ್ಚಿದಳು. ನಾನು ಬಹಳ ಯೋಚಿಸಿದ್ದೇನೆ ಇದರ ಬಗ್ಗೆ. ವಾರ್ಡಿನ ಸಮಿತಿ ಬಾವಿ ನೋಡಿಕೊಳ್ಳಬಲ್ಲದು, ಸೊಳ್ಳೆ ನೋಡಿಕೊಳ್ಳಬಲ್ಲದು, ಮದ್ದು ಮುಟ್ಟಿಸಬಲ್ಲದು, ಹೆದರಿದ ನೆರೆಮನೆಯವರ ಮನಸ್ಸು ತಿರುಗಿಸಬಲ್ಲದು. ಯಾರಿಗೆ ಎಂತ ಕಾಯಿಲೆ ಉಂಟೆಂದು ಸರಕಾರಕ್ಕಿಂತ ಚೆನ್ನಾಗಿ ತಿಳಿದಿರಬಲ್ಲದು. ಹೃದಯದ ಬ್ಲಾಕ್ ಬಿಡಿಸುವ ಕೋಣೆಯೊಂದನ್ನು ಅದು ಹುಟ್ಟಿಸಲಾರದು. ಆ ಕೋಣೆ ಹತ್ತಿರದಲ್ಲಿ ಎಲ್ಲಿರಬೇಕೆಂದು ಅರುವತ್ತು ವರ್ಷ ಯಾರೂ ಕೇಳದೆ ಇದ್ದುದರ ಬೆಲೆ ಒಂದು ರಾತ್ರಿ ಒಬ್ಬಳು ಮುದುಕಿಯ ಮೇಲೆ ಬಿತ್ತು.

ಕೇಳಿದವರು ಇರಲಿಲ್ಲವೆಂದಲ್ಲ. ಬದಿಯಡ್ಕದ ಹತ್ತಿರ ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ 2013ರಲ್ಲೇ ಶಿಲಾನ್ಯಾಸ ಆಗಿತ್ತು. ಅದಕ್ಕಾಗಿ ಜನ ಎಷ್ಟು ಸಲ ಧರಣಿ ಕೂತರೋ! ಕಟ್ಟಡ ಏಳುತ್ತ ಏಳುತ್ತ ವರ್ಷಗಳು ಕಳೆದವು. ಕೊನೆಗೆ ಆ ಏಪ್ರಿಲ್ 6ರಂದು, ತಿರುವನಂತಪುರ ಮೆಡಿಕಲ್ ಕಾಲೇಜಿನಿಂದ ರಸ್ತೆಯಲ್ಲಿ ಬಂದ ತಂಡ ತರಗತಿಗಳ ಕಟ್ಟಡದಲ್ಲೇ ಕೋವಿಡ್ ಆಸ್ಪತ್ರೆ ತೆರೆಯಿತು. ಆರು ವರ್ಷದಲ್ಲಿ ಆಗದ್ದು ಕೆಲವೇ ದಿನಗಳಲ್ಲಿ ಆದದ್ದನ್ನು ಕಂಡು ಸಂತೋಷಪಡಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಆ ವರ್ಷವೇ ಚೆಮ್ನಾಡು ಪಂಚಾಯತಿನ ತೆಕ್ಕಿಲಿನಲ್ಲಿ ಟಾಟಾದವರು ಒಂದು ಕೋವಿಡ್ ಆಸ್ಪತ್ರೆ ಕಟ್ಟಿಕೊಟ್ಟರು. ಕೊರೋನಾ ಇಳಿಯುತ್ತಿದ್ದಂತೆ ಅದರ ಕೆಲಸವೂ ಇಳಿಯಿತು.

ನೋಟುಪುಸ್ತಕದ ಬಗ್ಗೆ ನಾನು ಇಷ್ಟು ಹೇಳುವುದಕ್ಕೆ ಇನ್ನೊಂದು ಕಾರಣ ಉಂಟು. ನಮ್ಮ ಪಕ್ಕದ ಎಣ್ಮಕಜೆ ಪಂಚಾಯತು. ಅಲ್ಲಿನ ಗುಡ್ಡಗಳ ಗೇರುತೋಟಗಳ ಮೇಲೆ ಪ್ಲಾಂಟೇಶನ್ ಕಾರ್ಪೊರೇಶನ್ ಎಪ್ಪತ್ತರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿತು. ಗುಡ್ಡದ ಮೇಲೆ ತೋಟ, ಕೆಳಗೆ ತೋಡು, ನೀರಿನ ಸುರಂಗ, ಮನೆ. ಎಷ್ಟೋ ಮಕ್ಕಳು ಹುಟ್ಟುವಾಗಲೇ ಊನಗಳೊಂದಿಗೆ ಹುಟ್ಟಿದರು. ಆ ಮನೆಗಳ ಕಾಯಿಲೆಗಳನ್ನು ಒಂದರ ಪಕ್ಕ ಒಂದಿಟ್ಟು, ಇದರಲ್ಲಿ ಏನೋ ಉಂಟು ಎಂದು ಮೊದಲಿಗೆ ಕಂಡವರು ಯಾವ ದೊಡ್ಡ ಆಸ್ಪತ್ರೆಯವರೂ ಅಲ್ಲ. ವಾಣಿನಗರದಲ್ಲಿ ಕೂತು ಹಳ್ಳಿಯ ರೋಗಿಗಳನ್ನು ನೋಡುತ್ತಿದ್ದ ಡಾ. ವೈ. ಎಸ್. ಮೋಹನ ಕುಮಾರ್. ಪತ್ರಕರ್ತ ಶ್ರೀಪಡ್ರೆಯವರು ಅದನ್ನು ಹೊರಗಿನವರಿಗೆ ತಿಳಿಸಿದರು. ಸುಪ್ರೀಂ ಕೋರ್ಟು ದೇಶಕ್ಕೇ ಆ ವಿಷವನ್ನು ನಿಲ್ಲಿಸಲು 2011 ಬರಬೇಕಾಯಿತು. ಇಪ್ಪತ್ತಕ್ಕೂ ಹೆಚ್ಚು ವರ್ಷ ಹೆಲಿಕಾಪ್ಟರು ಹಾರುವಾಗ ಒಂದೊಂದು ವಾರ್ಡಿನಲ್ಲೂ ಮನೆಮನೆಯ ಪುಸ್ತಕ ಇಡುವ ಒಬ್ಬಳು ಇದ್ದಿದ್ದರೆ, ಅದನ್ನು ಓದಿ ನೋಡುವ ಒಂದು ಸಮಿತಿ ಇದ್ದಿದ್ದರೆ, ಅಷ್ಟು ಕಾಲ ಬೇಕಿತ್ತೇ? ಆ ಹೊಡೆತದ ನಂತರವೇ ನಮ್ಮ ಕಡೆಯ ಪಂಚಾಯತುಗಳಲ್ಲಿ ರೋಗಿಗಳ ಪಟ್ಟಿ, ಮನೆಗೆ ಹೋಗುವ ನರ್ಸು ಇವೆಲ್ಲ ಗಟ್ಟಿಯಾದದ್ದು. 2008ರಲ್ಲಿ ಸರಕಾರ ಪಾಲಿಯೇಟಿವ್ ನೀತಿ ತಂದಾಗ ಬೇರೆ ಕಡೆಯವರಿಗೆ ಅದು ಹೊಸ ಯೋಜನೆ. ನಮಗೆ ಅದು ಬೇಕೇ ಬೇಕಾಗಿದ್ದದ್ದು.

ಕಾನೂನಿನ ಒಂದು ವಿಷಯವನ್ನೂ ಇನ್ಸ್‌ಪೆಕ್ಟರು ಆಗ ಹೇಳಿದ್ದರು, ನನಗೆ ಆಶ್ಚರ್ಯವಾಗಿತ್ತು. ರಾಜ್ಯ ಬದಲಾಗಿ ಅಷ್ಟು ವರ್ಷವಾದರೂ ನಮ್ಮ ಕಡೆ ಸಾರ್ವಜನಿಕ ಆರೋಗ್ಯಕ್ಕೆ ಇದ್ದದ್ದು 1939ರ ಮದರಾಸು ಕಾಯಿದೆಯೇ. ಅಜ್ಜನ ಕಾಲದ ಜಿಲ್ಲಾ ಬೋರ್ಡಿನವರು ಸಂತೆ ಜಾತ್ರೆಗಳಲ್ಲಿ ಕಾಲರಾ ತಡೆಯಲು ಹಿಡಿದುಕೊಂಡು ತಿರುಗುತ್ತಿದ್ದ ಕಾಯಿದೆ. ತೆಂಕಣ ಕೇರಳಕ್ಕೆ ಬೇರೆಯದೇ ಒಂದು, ತಿರುವಾಂಕೂರು ಕೊಚ್ಚಿಯದ್ದು. 2023ರಲ್ಲಿ ಇಡೀ ಕೇರಳಕ್ಕೆ ಒಂದೇ ಕಾಯಿದೆ ಬಂತು. ಪಂಚಾಯತಿನ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯೇ ಈಗ ಸ್ಥಳೀಯ ಸಾರ್ವಜನಿಕ ಆರೋಗ್ಯ ಪ್ರಾಧಿಕಾರಿ. ಅಧಿಕಾರ ಬರೆದುಕೊಟ್ಟಿದ್ದಾರೆ, ಒಳ್ಳೆಯದಾಯಿತು. ಆದರೆ ಆ ಡಾಕ್ಟರಿಗೆ ಕಣ್ಣು ಕಿವಿಯಾಗಿ ಮನೆಮನೆ ಹತ್ತಿ ಇಳಿಯುವ ಆಶಾ ಅಕ್ಕಂದಿರಿಗೆ ಇವತ್ತಿಗೂ ಸಂಬಳವಿಲ್ಲ, ಗೌರವಧನ. ಅದನ್ನು ಹೆಚ್ಚಿಸಿ ಎಂದು 2025ರಲ್ಲಿ ಅವರು ತಿರುವನಂತಪುರದ ಸೆಕ್ರೆಟೇರಿಯಟ್ ಎದುರು ತಿಂಗಳುಗಟ್ಟಲೆ ಬಿಸಿಲು ಮಳೆಯಲ್ಲಿ ಕೂತರು. ನಮ್ಮ ಅಕ್ಕನಿಗೆ ಅಷ್ಟು ದೂರ ಹೋಗಲಾಗಲಿಲ್ಲ. ಆ ದಿನಗಳ ಫೋಟೋಗಳನ್ನು ಮೊಬೈಲಿನಲ್ಲಿ ನನಗೆ ತೋರಿಸುತ್ತಿದ್ದಳು.

2020ರ ಮೇ 10ರಂದು ಜಿಲ್ಲೆಯ ಕೊನೆಯ ರೋಗಿ ಗುಣವಾಗಿ ಮನೆಗೆ ಹೋದರು. ಅಲ್ಲಿಯವರೆಗೆ ಸೋಂಕು ತಗಲಿದ್ದ 178 ಜನರಲ್ಲಿ ಒಬ್ಬರೂ ಸತ್ತಿರಲಿಲ್ಲ. ಆಮೇಲೆ ಬಂದ ಅಲೆಗಳಲ್ಲಿ ಬಹಳ ಜನ ಹೋದರು, ಅದು ಬೇರೆ. ಆ ಮೊದಲ ಸುತ್ತಿನ ಲೆಕ್ಕವನ್ನು ಎಲ್ಲರೂ ಹೊಗಳಿದರು. ಹೊಗಳಬೇಕಾದದ್ದೇ. ದೊಡ್ಡಮ್ಮ ಆ ಲೆಕ್ಕದಲ್ಲಿ ಇಲ್ಲ. ಅವರಿಗೆ ಕೊರೋನಾ ಇರಲಿಲ್ಲವಲ್ಲ.

ಗ್ರಾಮಸಭೆ ಮತ್ತೆ ಸೇರಲು ಸುಮಾರು ಕಾಲ ಹಿಡಿಯಿತು. ಸೇರಿದಾಗ ದೊಡ್ಡಮ್ಮನ ಮಗ ಎದ್ದು ನಿಂತ. ಹೆಚ್ಚು ಮಾತಾಡುವವನಲ್ಲ. "ನಮ್ಮ ಪಂಚಾಯತಿನಿಂದ ಅರ್ಧ ಗಂಟೆಯೊಳಗೆ, ಗಡಿ ದಾಟದೆ, ಹೃದಯಕ್ಕೆ ಚಿಕಿತ್ಸೆ ಸಿಗಬೇಕು. ಇದನ್ನು ಬರೆದುಕೊಳ್ಳಿ" ಎಂದ. ಇದು ಪಂಚಾಯತಿನ ಕೈಯಲ್ಲಿ ಆಗುವುದಲ್ಲ, ರಾಜ್ಯ ಸರಕಾರದ್ದು ಎಂದು ಯಾರೋ ಹಿಂದಿನಿಂದ ಹೇಳಿದರು. ಮೆಂಬರ್ ಅವರ ಕಡೆ ನೋಡಲಿಲ್ಲ. ಸೆಕ್ರೆಟರಿಗೆ, "ಬರೀರಿ, ಅವರು ಹೇಳಿದ ಹಾಗೇ ಬರೀರಿ" ಎಂದರು. ನಿರ್ಣಯದ ಪ್ರತಿ ಜಿಲ್ಲಾ ಪಂಚಾಯತಿಗೂ ಆರೋಗ್ಯ ಇಲಾಖೆಗೂ ಹೋಯಿತು. ಪ್ರತಿ ವರ್ಷ ಗ್ರಾಮಸಭೆಯಲ್ಲಿ ಮಗ ಎದ್ದು ಅದೇ ಮಾತು ಹೇಳುತ್ತಾನೆ, ಸೆಕ್ರೆಟರಿ ಮತ್ತೆ ಬರೆಯುತ್ತಾರೆ, ನಾನು ಕೈ ಎತ್ತಿ ಅನುಮೋದಿಸುತ್ತೇನೆ. ಈ ಸಲದ ಗ್ರಾಮಸಭೆಯಲ್ಲಿ ಅವನ ಜೊತೆ ಡಯಾಲಿಸಿಸಿನ ಮಾವನ ಮಗಳೂ ಎದ್ದಳು.